ಮುಂಗಾಲುಗಳನ್ನು ಯಾರೂ ಮುಟ್ಟಿ ನೋಡಲಿಲ್ಲ

ಜನವರಿ ೧೧

ಅಕ್ಕ,

ನಾನು ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ, ನೀನು ಕ್ಷೇಮವೇ ಎಂದು ಕೇಳಿದರೆ ನಾಟಕವಾಗುತ್ತದೆ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಎಲ್ಲದಕ್ಕೂ "ಹ್ಞೂಂ" ಎನ್ನುತ್ತೀಯ. ಕಾಗದಕ್ಕೆ ಹ್ಞೂಂ ಎಂದು ಉತ್ತರ ಬರೆಯಲು ನಿನಗೂ ನಾಚಿಕೆಯಾದೀತು.

ನಿನ್ನೆ ಪಕ್ಕದ ಹಾಸಿಗೆಯ ಬಸ್ಸಣ್ಣ ಕೇಳಿದ: "ಏನಪ್ಪಾ, ನಿಮ್ಮಕ್ಕನ ಲ್ಯಾಬಿನ ಸೆಲ್ಲು ನಮ್ಮ ಆಸ್ಪತ್ರೆಗೇ ಬರ್ತಿದೆಯಂತೆ? ನೀನು ಬಾಯೇ ಬಿಡಲಿಲ್ಲವಲ್ಲ!"

ಬಸ್ಸಣ್ಣ ಬಸ್ ಚಾಲಕ. ಕೆಟ್ಟು ನಿಂತ ಬಸ್ಸಿನ ಕೆಳಗೆ ತೂರಿದ್ದಾಗ ಜ್ಯಾಕ್ ಜಾರಿತು. ನಾನು ಲಿಫ್ಟ್ ರಿಪೇರಿಯವನು. ಬ್ರೇಕ್ ಸವೆದಿದೆ, ಬದಲಿಸಿ ಎಂದು ಕಟ್ಟಡದ ಮಾಲೀಕರಿಗೆ ಹೇಳಿ ಹೇಳಿ ಕೊನೆಗೆ ಆ ಲಿಫ್ಟಿನ ಜೊತೆಗೇ ಕೆಳಗೆ ಬಂದವನು. ಈಗ ಇಬ್ಬರಿಗೂ ಎದೆಯಿಂದ ಕೆಳಗಿನ ದೇಹ ಬಾಡಿಗೆ ಮನೆಯ ಹಾಗೆ. ಇದ್ದೇವೆ, ನಮ್ಮದಲ್ಲ.

ಅವನೆದುರು ನಾನು ಪೆಚ್ಚಾದೆ. ನನಗೆ ಗೊತ್ತಿರಲಿಲ್ಲ ಎಂದು ಹೇಳಲು ಮನಸ್ಸಾಗದೆ "ಅದೆಲ್ಲಾ ಗುಟ್ಟು" ಎಂದು ಜಂಬ ಕೊಚ್ಚಿದೆ. ಅಕ್ಕ, ನಿನ್ನ ಲ್ಯಾಬು ಮುರಿದ ಬೆನ್ನುಹುರಿಗೆ ಕಾಂಡಕೋಶ ಹಾಕುತ್ತದೆ. ನಿನ್ನ ತಮ್ಮನ ಬೆನ್ನುಹುರಿ ಮುರಿದಿದೆ. ಈ ಎರಡು ವಾಕ್ಯಗಳನ್ನು ನೀನು ಒಂದೇ ಉಸಿರಿನಲ್ಲಿ ಯಾವತ್ತೂ ಹೇಳಿಲ್ಲ. ಒಮ್ಮೆ ನೋಡಲು ಬಂದೆ, ಮಂಚದ ಕಾಲ ಬುಡದಲ್ಲಿ ನಿಂತು ಚಾರ್ಟ್ ಓದಿದೆ, ರೈಲಿಗೆ ಹೊತ್ತಾಯಿತು ಎಂದು ಹೊರಟೆ.

ನಮ್ಮ ರಿಪೇರಿ ಗ್ಯಾಂಗಿನ ಗೆಳೆಯ, ಮೀಸೆ ಅಂತ ಕರೆಯುತ್ತೇವೆ, ಕಾರ್ಮಿಕ ಸಂಘದ ಕರಪತ್ರಗಳ ಕಟ್ಟು ತಂದುಕೊಟ್ಟಿದ್ದಾನೆ. ಒಂದರಲ್ಲಿ ಬರೆದಿದೆ: ಬೀಗ ಹಾಕಿಟ್ಟ ಜ್ಞಾನ ಕದ್ದ ಮಾಲಿಗೆ ಸಮ. ನಿನ್ನ ಹತ್ತಿರ ಏನಿದೆಯೋ ಬೀಗ ತೆಗೆದು ಬರೆ.

ನಿನ್ನ ತಮ್ಮ


ಜನವರಿ ೨೪

ಮೆಣಸೂ,

ನೀನು ಹುಟ್ಟಿದಾಗಲೇ ನಿನಗೆ ಈ ಹೆಸರಿಟ್ಟವಳು ನಾನು. ತಪ್ಪಿಲ್ಲ ಅನಿಸುತ್ತದೆ.

ಬೀಗ ತೆಗೆಯುತ್ತೇನೆ. ಕಾಂಡಕೋಶ ಎಂದರೆ ಮುಂದೆ ತಾನು ಏನಾಗಬೇಕೆಂದು ಇನ್ನೂ ತೀರ್ಮಾನಿಸದ ಜೀವಕೋಶ. ಅದನ್ನು ಬೆನ್ನುಹುರಿ ಹರಿದ ಜಾಗಕ್ಕೆ ಸೂಜಿಯಿಂದ ಬಿಡುತ್ತೇವೆ. ಅಲ್ಲಿ ಅದು ನರವಾಗಿ ಬೆಳೆದು ಮೇಲಿನ ತುದಿಯನ್ನೂ ಕೆಳಗಿನ ತುದಿಯನ್ನೂ ಮಾತಾಡಿಸಲಿ ಎಂಬುದು ಆಸೆ. ನಮ್ಮ ಇಲಿಗಳು ಮುಂಗಾಲಿನಿಂದ ತಮ್ಮನ್ನೇ ಎಳೆದುಕೊಂಡು ಓಡಾಡುತ್ತಿದ್ದವು. ಕೋಶ ಹಾಕಿದ ಕೆಲವು ಈಗ ಹಿಂಗಾಲು ಊರುತ್ತವೆ. ಮೊದಲ ಇಲಿ ಊರಿದ್ದನ್ನು ನೋಡಿದ ದಿನ ನಾನು ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡೆ. ಯಾಕೆ ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ.

ನಿನಗೆ ಹೇಳದಿದ್ದ ಕಾರಣ ಇಷ್ಟೇ: ನಿನ್ನನ್ನು ತೆಗೆದುಕೊಳ್ಳುವುದಿಲ್ಲ. ಮನುಷ್ಯರ ಮೊದಲ ಗುಂಪಿಗೆ ಗಾಯದ ಕೆಳಗೆ ಎಳ್ಳಷ್ಟೂ ಸ್ಪರ್ಶ ಇಲ್ಲದವರು ಮಾತ್ರ. ನಿನ್ನ ಚಾರ್ಟಿನಲ್ಲಿ ಎಡ ಹಿಮ್ಮಡಿಯ ಹತ್ತಿರ ಡಾಕ್ಟರು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ. ನಾನು ಆವತ್ತು ಅಷ್ಟು ಹೊತ್ತು ನೋಡುತ್ತಿದ್ದದ್ದು ಅದನ್ನೇ. ಅಲ್ಲಿ ಏನೋ ಉಳಿದಿದೆ. ಅದು ನಿನ್ನ ಅದೃಷ್ಟ.

ಅಕ್ಕ


ಫೆಬ್ರವರಿ ೨

ಅಕ್ಕ,

ಅದೃಷ್ಟ! ಈ ಪದವನ್ನು ವಾರ್ಡಿನಲ್ಲಿ ಜೋರಾಗಿ ಓದಿದೆ. ಮೂತ್ರದ ಚೀಲ ಬದಲಿಸುತ್ತಿದ್ದ ನರ್ಸ್ ಕೂಡ ನಕ್ಕಳು.

ಹಿಮ್ಮಡಿಯಲ್ಲಿ ಏನಿದೆ ಗೊತ್ತಾ? ಮುಚ್ಚಿದ ಬಾಗಿಲಿನ ಆಚೆ ಯಾರೋ ಕೆಮ್ಮಿದ ಹಾಗೆ. ಅಷ್ಟೇ. ಅದರ ಮೇಲೆ ನಿಲ್ಲಲಾಗುವುದಿಲ್ಲ, ಅದರಿಂದ ಉಚ್ಚೆ ನಿಲ್ಲುವುದಿಲ್ಲ. ಆ ಕೆಮ್ಮಿಗಾಗಿ ನಾನು ಅನರ್ಹ. ಕಾರ್ಖಾನೆಯವರು ಕೆಲಸಕ್ಕೆ ತೆಗೆದುಕೊಳ್ಳುವಾಗ ಆರೋಗ್ಯ ಸಾಲದು ಎನ್ನುತ್ತಾರೆ, ನೀವು ಆರೋಗ್ಯ ಜಾಸ್ತಿಯಾಯಿತು ಎನ್ನುತ್ತೀರಿ. ಇಬ್ಬರೂ ಬಾಗಿಲು ಮುಚ್ಚುವ ಸದ್ದು ಒಂದೇ.

ಆದರೆ ಪರೀಕ್ಷೆ ಹೇಗೆ ಮಾಡುತ್ತಾರೆಂದು ನನಗೆ ಗೊತ್ತು. ಕಣ್ಣು ಮುಚ್ಚಿಸುತ್ತಾರೆ. ಹತ್ತಿ ತಾಗಿಸುತ್ತಾರೆ, ಪಿನ್ ತಾಗಿಸುತ್ತಾರೆ. "ಗೊತ್ತಾಯ್ತಾ?" ಎಂದು ಕೇಳುತ್ತಾರೆ. ಉತ್ತರ ನನ್ನ ಬಾಯಲ್ಲಿದೆ, ನಿಮ್ಮ ಯಂತ್ರದಲ್ಲಿಲ್ಲ.

ಮೀಸೆಯ ಕೈಗೆ ಪಿನ್ ಕೊಟ್ಟು ತಾಲೀಮು ಶುರು ಮಾಡಿದ್ದೇನೆ. ಬಸ್ಸಣ್ಣ ತೀರ್ಪುಗಾರ.

"ಹುಬ್ಬು ಅಲ್ಲಾಡಿತು ಕಣೋ, ಫೇಲ್!"

"ಅದು ನೊಣಕ್ಕೆ."

"ನೊಣ ಹಿಮ್ಮಡೀಲಿ ಚುಚ್ಚಿದ್ರೆ ಹುಬ್ಬು ಯಾಕಪ್ಪಾ ಹಾರುತ್ತೆ? ಇನ್ನೊಂದ್ಸಲ. ಮೀಸೆ, ಸರಿಯಾಗಿ ಚುಚ್ಚು. ನೆಂಟರ ಮಗೂನ ಗಲ್ಲ ಚಿವುಟಿದ ಹಾಗೆ ಚುಚ್ತೀಯಲ್ಲ!"

ಈಗ ನನ್ನ ಮುಖ ಗೋಡೆ. ನೀನೇ ಬಂದು ಚುಚ್ಚಿದರೂ ಕಂಡುಹಿಡಿಯಲಾರೆ.

ತಮ್ಮ


ಫೆಬ್ರವರಿ ೧೫

ತಮಾಷೆ ಎಂದುಕೊಂಡಿದ್ದೀಯಾ?

ಹಿಮ್ಮಡಿಯಲ್ಲಿ ಉಳಿದಿರುವುದು ತಾನಾಗಿಯೇ ಹೆಚ್ಚಬಹುದು. ನಿಧಾನವಾಗಿ, ಯಾರ ಸಹಾಯವೂ ಇಲ್ಲದೆ. ಇಂದು ನೀನು "ಇಲ್ಲ" ಅನ್ನುತ್ತೀಯ. ಕೋಶ ಹಾಕುತ್ತಾರೆ. ಆರು ತಿಂಗಳಾದ ಮೇಲೆ "ಇದೆ" ಅನ್ನುತ್ತೀಯ. ಕೋಶ ಗೆದ್ದಿತು ಎಂದು ಎಲ್ಲರೂ ಬರೆದುಕೊಳ್ಳುತ್ತಾರೆ. ನಿನ್ನನ್ನು ನೋಡಿ ನೂರಾರು ಜನ ಬೆನ್ನು ಕೊಯ್ಯಿಸಿಕೊಳ್ಳುತ್ತಾರೆ. ಬ್ರೇಕ್ ಸರಿಯಿದೆ ಎಂಬ ಮಾಲೀಕರ ಸುಳ್ಳಿನಿಂದ ಲಿಫ್ಟಿನಲ್ಲಿ ಬಿದ್ದವನು ನೀನು. ನಿನ್ನ ಸುಳ್ಳಿನ ಮೇಲೆ ಎಷ್ಟು ಜನ ಹತ್ತಬೇಕು ಅಂತೀಯ?

ಕರಪತ್ರಗಳಲ್ಲಿ ಇದನ್ನು ಬರೆದಿಲ್ಲವಾ?

ಅಕ್ಕ


ಮಾರ್ಚ್ ೬

ಅಕ್ಕ,

ಪಾಸಾದೆ.

ನಿನ್ನ ಕಾಗದ ಓದಿದ್ದೆ. ಎರಡು ದಿನ ಅದು ನನ್ನನ್ನು ಕಚ್ಚಿತು. ಮೂರನೆಯ ದಿನ ಹಾಸಿಗೆಹುಣ್ಣಿಗೆ ಔಷಧಿ ಹಚ್ಚಲು ನನ್ನನ್ನು ಮೂಟೆಯ ಹಾಗೆ ಹೊರಳಿಸಿದರು. ಆಮೇಲೆ ಅದು ಕಚ್ಚುವುದನ್ನು ನಿಲ್ಲಿಸಿತು. ಮೂಟೆಯಾಗಿ ಬಿದ್ದಿರುವವನ ಹತ್ತಿರ ಮುಂದಿನ ನೂರಾರು ಜನರ ಬಗ್ಗೆ ಮಾತಾಡಬೇಡ. ನಾನೂ ಆ ನೂರಾರು ಜನರಲ್ಲಿ ಒಬ್ಬ.

ಡಾಕ್ಟರಮ್ಮ ಒಳ್ಳೆಯವಳು. ಮೃದುವಾಗಿ ಕೇಳುತ್ತಾಳೆ. ಹಿಮ್ಮಡಿಗೆ ಪಿನ್ ಬಂದಾಗ ಬಾಗಿಲಿನ ಆಚೆ ಇಡೀ ಸಂಸಾರವೇ ಕೆಮ್ಮಿತು. "ಇಲ್ಲ" ಎಂದೆ. ಅವಳು ಪ್ರಶ್ನಾರ್ಥಕ ಚಿಹ್ನೆ ಹೊಡೆದು ಹಾಕಿದಳು. ಬಸ್ಸಣ್ಣನೂ ಆಯ್ಕೆಯಾದ, ಅವನಿಗೆ ನಟನೆ ಬೇಕಾಗಲಿಲ್ಲ. ಮೇ ತಿಂಗಳಲ್ಲಿ ನಮ್ಮಿಬ್ಬರ ಸರದಿ.

ತೋಳುಗಳಿಗೆ ಕಸರತ್ತು ಕೊಡುತ್ತಿದ್ದೇನೆ. ಹಾಸಿಗೆಯಿಂದ ಗಾಲಿಕುರ್ಚಿಗೆ ಈಗ ಯಾರ ಹಂಗೂ ಇಲ್ಲ: ಅಂಗೈ ಊರುವುದು, ಎತ್ತುವುದು, ಬೀಳುವುದು. ಅಂಗೈ ಚಪ್ಪಲಿಯಷ್ಟು ದಪ್ಪವಾಗಿದೆ. ನಿನ್ನ ಇಲಿಗಳೂ ಮುಂಗಾಲಲ್ಲೇ ಎಳೆದುಕೊಂಡು ಬದುಕಿದವು ಎಂದೆಯಲ್ಲ, ಅವುಗಳ ಮುಂಗಾಲು ಹೇಗಿದೆ? ನನ್ನದರಷ್ಟು ಗಟ್ಟಿಯಾ? ಪಂದ್ಯಕ್ಕೆ ಕಳಿಸು.

ಪಾಸಾದ ತಮ್ಮ


ಏಪ್ರಿಲ್ ೩

ಮೆಣಸು,

ಇದನ್ನು ಯಾರ ಎದುರೂ ಜೋರಾಗಿ ಓದಬೇಡ.

ನಿನ್ನ ಪಂದ್ಯದ ಮಾತು ಓದಿ ನನಗೆ ಮೊದಲು ನಗು ಬಂತು, ಆಮೇಲೆ ನಗು ನಿಂತಿತು. ಮುಂಗಾಲು ಹೇಗಿದೆ? ಗೊತ್ತಿಲ್ಲ. ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಗಾಯ ಇರುವುದು ಬೆನ್ನಿನಲ್ಲಿ, ಕೆಟ್ಟಿರುವುದು ಹಿಂಗಾಲು, ಸರಿಯಾಗಬೇಕಿರುವುದು ಹಿಂಗಾಲು. ಇಷ್ಟು ವರ್ಷ ಪಂಜರದ ಮುಂದೆ ಕೂತು ಎಲ್ಲರೂ ಹಿಂಗಾಲನ್ನೇ ನೋಡಿದ್ದೇವೆ. ಹಿಂಗಾಲಿಗೆ ಅಳತೆ, ಹಿಂಗಾಲಿಗೆ ಕ್ಯಾಮೆರಾ. ಮುಂಗಾಲು ಚೆನ್ನಾಗಿತ್ತು, ಹಾಗಾಗಿ ಅದನ್ನು ಮುಟ್ಟಿಯೇ ಇಲ್ಲ.

ಮರುದಿನ ಮುಟ್ಟಿದೆ. ಕೂದಲಿನಂಥ ನೈಲಾನ್ ಎಳೆಯಿಂದ ಮುಂಗಾಲಿನ ಅಡಿಯನ್ನು ಸವರುವುದು, ಅಷ್ಟೇ. ಕೋಶ ಹಾಕದ ಇಲಿಗಳು ಸುಮ್ಮನೆ ನಿಂತವು. ಕೋಶ ಹಾಕಿದವುಗಳಲ್ಲಿ ಹೆಚ್ಚಿನವು ಬೆಂಕಿ ತಾಗಿದ ಹಾಗೆ ಕಾಲು ಎಳೆದುಕೊಂಡವು, ನೆಕ್ಕಿದವು, ಕಿರುಚಿದವು. ಹಿಂಗಾಲು ಊರಿದ ಆ ಮೊದಲ ಇಲಿಯೂ ಕಿರುಚಿತು. ಹೊಸ ನರಗಳು ನಮಗೆ ಬೇಕಾದ ಕಡೆ ಮಾತ್ರ ಬೆಳೆದಿಲ್ಲ. ಗಾಯದ ಮೇಲಕ್ಕೂ ಹೋಗಿ ಅಲ್ಲಿ ಗಲಭೆ ಎಬ್ಬಿಸಿವೆ ಅಂತ ನನ್ನ ಊಹೆ. ಅವಕ್ಕೆ ಮುಂಗಾಲು ಎಂದರೆ ನಿನಗೆ ಕೈ.

ನಮ್ಮ ಲ್ಯಾಬಿನ ನಿರ್ದೇಶಕರಿಗೆ ತೋರಿಸಿದೆ.

"ಇಲಿಯ ಮುಂಗಾಲು ಮನುಷ್ಯನ ಕೈ ಅಲ್ಲಮ್ಮ" ಅಂದರು.

"ಹಾಗಾದ್ರೆ ಇಲಿಯ ಹಿಂಗಾಲು ಮಾತ್ರ ಮನುಷ್ಯನ ಕಾಲಾ ಸಾರ್?"

ಕನ್ನಡಕ ತೆಗೆದು ಒರೆಸಿದರು. ಮೊದಲ ಗುಂಪು ಮುಗಿಯಲಿ, ಆಮೇಲೆ ಇದನ್ನು ಬೇರೆಯೇ ಅಧ್ಯಯನ ಮಾಡೋಣ, ಈಗ ಬಾಯಿಬಿಟ್ಟರೆ ಇಡೀ ಕೆಲಸ ನಿಂತುಹೋಗುತ್ತದೆ ಅಂದರು. ಅವರು ಕೆಟ್ಟವರಲ್ಲ. ಈ ಕೋಶಗಳಿಗಾಗಿ ತಲೆಗೂದಲು ಹಣ್ಣು ಮಾಡಿಕೊಂಡವರು.

ನೀನು ಹಿಂದೆ ಸರಿ. ಹೆದರಿಕೆಯಾಯಿತು ಎನ್ನು, ಅಕ್ಕ ಅತ್ತಳು ಎನ್ನು, ಏನಾದರೂ ಹೇಳು. ಬೇರೆಯವರಿಗೆ ಈಗಲೇ ತಿಳಿಸಬೇಡ, ನನಗೆ ಸ್ವಲ್ಪ ಸಮಯ ಬೇಕು. ನಿನ್ನ ಕೈಯೊಂದು ಉಳಿಯಲಿ.

ಅಕ್ಕ


ಏಪ್ರಿಲ್ ೧೨

ಅಕ್ಕ,

ನನ್ನ ಕೈಯೊಂದು ಉಳಿಯಲಿ!

ನಿನ್ನ ಕಾಗದ ದಿಂಬಿನ ಕೆಳಗಿದೆ. ಆ ದಿಂಬಿನಿಂದ ಕೈ ಚಾಚಿದರೆ ಬಸ್ಸಣ್ಣನ ಮಂಚ. ಅವನು ಈಗ ಮಗಳ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದಾನೆ, ಸೈಕಲ್ಲಿನ ಚೈನು ಹಾಕುವುದು ಹೇಗೆಂದು ಕೈಯಾಡಿಸಿ ತೋರಿಸುತ್ತಿದ್ದಾನೆ, ಅವಳಿಗೆ ಕಾಣುವುದಿಲ್ಲ ಅನ್ನುವುದೂ ಮರೆತಿದೆ. ಆ ಕೈಗಳನ್ನು ನೋಡಿಕೊಂಡು ನಾನು ಬಾಯಿ ಮುಚ್ಚಿಕೊಂಡಿರಬೇಕು. ಯಾಕೆ? ಅವನಿಗೆ ಲ್ಯಾಬಿನಲ್ಲಿ ಅಕ್ಕ ಇಲ್ಲವಲ್ಲ!

ಲಿಫ್ಟಿನ ಮಾಲೀಕರು ಏನು ಮಾಡಿದ್ದರು ಅಂತ ನಿನಗೆ ಯಾವತ್ತೂ ಹೇಳಿರಲಿಲ್ಲ. ಬ್ರೇಕ್ ಸವೆದಿದೆ ಎಂದ ಮೇಲೆ ತಮ್ಮ ಹೆಂಡತಿ ಮಕ್ಕಳಿಗೆ ಮಾತ್ರ "ಮೆಟ್ಟಿಲು ಹತ್ತಿ ಹೋಗಿ" ಎಂದಿದ್ದರು. ಉಳಿದವರು ಲಿಫ್ಟಿನಲ್ಲಿ ಹೋಗುತ್ತಿದ್ದರು. ನೀನು ಈಗ ನನಗೆ ಮೆಟ್ಟಿಲು ತೋರಿಸುತ್ತಿದ್ದೀಯ.

ನಿರ್ದೇಶಕರು ಕೆಟ್ಟವರಲ್ಲವಂತೆ. ಆಗಲಿ. ಕೆಟ್ಟವರಿಗಾಗಿ ಕಾದು ಕೂತರೆ ಈ ಲೋಕದಲ್ಲಿ ಯಾರ ಮೇಲೂ ಕೋಪ ಮಾಡಿಕೊಳ್ಳುವ ಹಾಗಿಲ್ಲ.

ಈಗ ನನ್ನ ಮಾತು ಕೇಳು. ಬಸ್ಸಣ್ಣನಿಗೆ ನಾನೇ ಹೇಳಬಹುದು. ಇಲಿಯ ಗೂಡಿನ ಸುದ್ದಿಯನ್ನು ಲಿಫ್ಟಿನವನು ಹೇಳಿದರೆ ಡಾಕ್ಟರು ನಂಬುತ್ತಾರಾ? ಹೇಳಬೇಕಾದವಳು ನೀನು, ನಿನ್ನ ಹೆಸರು ಹಾಕಿ, ಎಲ್ಲರಿಗೂ ಕೇಳುವ ಹಾಗೆ. ಅಲ್ಲಿಯವರೆಗೆ ನಾನು ಹಿಂದೆ ಸರಿಯುವುದಿಲ್ಲ. ಬಸ್ಸಣ್ಣ ಆಪರೇಷನ್ ಮೇಜಿನ ಮೇಲೆ ಮಲಗಿದರೆ ಪಕ್ಕದ ಮೇಜಿನ ಮೇಲೆ ನಾನೂ ಮಲಗುತ್ತೇನೆ. ಕೈ ಹೋದರೆ ಇಬ್ಬರದೂ ಹೋಗಲಿ. ಮೇ ತಿಂಗಳು ದೂರವಿಲ್ಲ.

ತಮ್ಮ


ಏಪ್ರಿಲ್ ೨೭

ನಿನಗೆ ಬುದ್ಧಿ ಇಲ್ಲ. ಅಮ್ಮ ಇದನ್ನು ಯಾವಾಗಲೋ ಹೇಳಿದ್ದಳು.

ಪ್ರಯೋಗಗಳಿಗೆ ಒಪ್ಪಿಗೆ ಕೊಡುವ ಆಸ್ಪತ್ರೆಯ ನೈತಿಕ ಸಮಿತಿಗೆ, ಡಾಕ್ಟರಮ್ಮನಿಗೆ, ನಿರ್ದೇಶಕರಿಗೆ ಮೂವರಿಗೂ ಒಂದೇ ವರದಿ ಕಳಿಸಿದ್ದೇನೆ. ಮುಂಗಾಲಿನ ವೀಡಿಯೊಗಳೂ ಅದರಲ್ಲಿವೆ. ಕೆಳಗೆ ನನ್ನ ಸಹಿ ಇದೆ.

ಎಲ್ಲವೂ ಎಲ್ಲರಿಗೂ ಕೇಳಬೇಕು ಎಂದೆಯಲ್ಲ. ಹಾಗಾಗಿ ಕೊನೆಯಲ್ಲಿ ಇದನ್ನೂ ಬರೆದಿದ್ದೇನೆ: ಆಯ್ಕೆಯಾದವರಲ್ಲಿ ಒಬ್ಬ ನನ್ನ ತಮ್ಮ, ಅವನ ಎಡ ಹಿಮ್ಮಡಿಯಲ್ಲಿ ಸ್ಪರ್ಶವಿದೆ, ಪರೀಕ್ಷೆಯಲ್ಲಿ ಅವನು ಸುಳ್ಳು ಹೇಳಿದ್ದಾನೆ, ಮತ್ತೆ ಪರೀಕ್ಷಿಸಿ.

ನನ್ನ ಇಲಿಯ ಸತ್ಯಕ್ಕೆ ಬೀಗ ಬೇಡ ಎಂದವನ ಹಿಮ್ಮಡಿಯ ಸತ್ಯಕ್ಕೂ ಬೀಗ ಇರಬಾರದು. ಬೈದುಕೋ.

ಅಕ್ಕ


ಮೇ ೧೪

ಅಕ್ಕ,

ಬೈಯುತ್ತೇನೆ. ಮನೆಮುರುಕಿ. ಚಾಡಿಕೋರಿ. ಚಿಕ್ಕಂದಿನಲ್ಲಿ ನಾನು ಕಿಟಕಿ ಗಾಜು ಒಡೆದಾಗಲೂ ಮೊದಲು ಅಪ್ಪನ ಹತ್ತಿರ ಓಡುತ್ತಿದ್ದವಳು ನೀನೇ. ಇಷ್ಟು ಬರೆದ ಮೇಲೂ ಕೋಪ ಆರಿಲ್ಲ.

ಡಾಕ್ಟರಮ್ಮ ಬಂದಳು. ಈ ಸಲ ಮೃದುವಾಗಿರಲಿಲ್ಲ. ಪರದೆ ಎಳೆಯಲಿಲ್ಲ, ಇಡೀ ವಾರ್ಡು ನೋಡುತ್ತಿತ್ತು. ಕಣ್ಣು ಮುಚ್ಚು ಅಂದಳು. ಪಿನ್ ಬಂತು. ಮತ್ತೊಮ್ಮೆ "ಇಲ್ಲ" ಅನ್ನಬಹುದಿತ್ತು, ಮುಖ ಪಳಗಿತ್ತು. ಆದರೆ ಬಸ್ಸಣ್ಣ ಬೆಳಗ್ಗೆಯಷ್ಟೇ ನಿನ್ನ ವರದಿಯ ವಿಷಯ ಕೇಳಿ ಬಿಳಿಚಿಕೊಂಡಿದ್ದ. ಅವನು ನಿಜ ಕೇಳಿದ ಕೋಣೆಯಲ್ಲೇ ನಾನು ಸುಳ್ಳು ಹೇಳುವುದು ಹೇಗೆ? "ಚುಚ್ಚಿತು ಡಾಕ್ಟ್ರೇ" ಎಂದೆ. ಎದ್ದುಹೋಗುವಾಗ ಅವಳು ಅಂದದ್ದು ಒಂದೇ ಮಾತು: "ನಿಮ್ಮನ್ನ ನಂಬಿದ್ದೆ."

ನನ್ನ ಹೆಸರು ಹೊಡೆದು ಹಾಕಿದರು. ಪ್ರಯೋಗ ನಿಲ್ಲಿಸಲಿಲ್ಲ. ಒಪ್ಪಿಗೆಪತ್ರದಲ್ಲಿ ಹೊಸ ವಾಕ್ಯ ಸೇರಿಸಿದರು: ಕೈಗಳಲ್ಲಿ ತೀವ್ರ ನೋವು ಬರಬಹುದು, ಬಂದರೆ ಹೋಗದಿರಬಹುದು. ನಾಲ್ವರು ಪ್ರಯೋಗದಿಂದ ವಾಪಸಾದರು. ಅವರಲ್ಲಿ ಒಬ್ಬ ನನ್ನ ಕುರ್ಚಿಗೆ ಅಡ್ಡ ಬಂದು, "ನಿನ್ನನ್ನ ತೆಗೆದುಹಾಕ್ತಾರೆ ಅಂತ ನಮ್ಮ ಅವಕಾಶಕ್ಕೂ ಕಲ್ಲು ಹಾಕಿದೆಯಲ್ಲೋ" ಎಂದ. ವಾಪಸಾಗಿ ಕೈ ಉಳಿಸಿಕೊಂಡವನೇ ಹೀಗೆ ಹೇಳಿದ!

ಬಸ್ಸಣ್ಣ ವಾಪಸಾಗಲಿಲ್ಲ.

"ತಲೆ ಕೆಟ್ಟಿದೆಯಾ ನಿನಗೆ? ವಾಕ್ಯ ಓದಿದೆಯಾ?" ಎಂದು ಕೂಗಾಡಿದೆ.

"ನೀನೇ ಓದಿ ಹೇಳಿದೆಯಲ್ಲೋ, ಎರಡು ಸಲ."

"ಕೈ ಹೋಗುತ್ತೆ ಕಣೋ!"

"ಬಸ್ಸಿನ ಬ್ರೇಕು ಕಾಲಲ್ಲಿರುತ್ತೆ ಮರಿ, ಕೈಯಲ್ಲಲ್ಲ."

"ಒಂದು ಇಲೀನೂ ಬಸ್ ಓಡಿಸಿಲ್ಲ!"

"ಓಡಿಸೋದು ನಾನು. ಎಲ್ಲರಿಗೂ ಗೊತ್ತಾಗಬೇಕು ಅಂತ ಕುಣಿದವನು ನೀನು. ಗೊತ್ತಾಯ್ತು. ಈಗ ನಾನು ಏನು ಮಾಡಬೇಕು ಅನ್ನೋದನ್ನೂ ನೀನೇ ಹೇಳ್ತೀಯಾ? ಹಾಗಾದ್ರೆ ನಿನಗೂ ಆ ನಿರ್ದೇಶಕನಿಗೂ ಏನಯ್ಯಾ ವ್ಯತ್ಯಾಸ?"

ಆ ರಾತ್ರಿ ಕರಪತ್ರಗಳ ಕಟ್ಟು ಬಿಚ್ಚಿ ಉತ್ತರಕ್ಕಾಗಿ ಒಂದೊಂದನ್ನೂ ಹುಡುಕಿದೆ.

ತಮ್ಮ


ಜೂನ್ ೨೦

ಮೆಣಸು,

ನನ್ನನ್ನು ಲ್ಯಾಬಿನಿಂದ ತೆಗೆದಿಲ್ಲ. ತೆಗೆದರೆ ಹೊರಗಿನವರಿಗೆ ಕೆಟ್ಟದಾಗಿ ಕಾಣುತ್ತದೆ. ಇಲಿಗಳ ಕೋಣೆಯ ಪ್ರವೇಶ ಕಾರ್ಡ್ ವಾಪಸು ಪಡೆದಿದ್ದಾರೆ. ಈಗ ನನಗೆ ಬೇರೆಯವರ ಲೇಖನಗಳ ಅಲ್ಪವಿರಾಮ ತಿದ್ದುವ ಕೆಲಸ. ಊಟದ ಮೇಜಿನಲ್ಲಿ ನನ್ನ ಪಕ್ಕದ ಕುರ್ಚಿ ಯಾವಾಗಲೂ ಖಾಲಿ.

ನನಗೂ ಕೋಪ ಬಂದಿದೆ. ಇದನ್ನು ನಿನ್ನಿಂದ ಕಲಿತೆ, ಎಷ್ಟು ಸುಸ್ತಾಗುತ್ತದೋ! ಕೋಶಗಳ ಮೇಲಲ್ಲ. ಅವು ಒಂದು ದಿನ ಕೆಲಸ ಮಾಡುತ್ತವೆ, ಈಗಲೂ ನಂಬುತ್ತೇನೆ. ನಮಗೆ ಬೇಕಾದದ್ದನ್ನು ಮಾತ್ರ ನೋಡಿದೆವಲ್ಲ, ಅದರ ಮೇಲೆ. ಕೋಶ ಹಾಕಿದ ಮೇಲೆ ಆಸ್ಪತ್ರೆಯವರು ಬಸ್ಸಣ್ಣನಿಗೆ ಮಾಡುತ್ತಿರುವ ವಾರದ ತಪಾಸಣೆಯ ವಿವರ ತರಿಸಿ ಓದಿದೆ. ಕಾಲಿಗೆ ಮೂರು ಪುಟ. ಕೈಗೆ ಒಂದು ಸಾಲು: ರೋಗಿಯನ್ನು ವಿಚಾರಿಸುವುದು. ವಿಚಾರಿಸಿದರೆ ಅವನು ಏನು ಹೇಳುತ್ತಾನೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನೀನು ಅವನ ಪಕ್ಕದಲ್ಲಿದ್ದೀಯ. ನಾನಿಲ್ಲ.

ಅಕ್ಕ


ಸೆಪ್ಟೆಂಬರ್ ೮

ಅಕ್ಕ,

ಬಸ್ಸಣ್ಣನ ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. ಆಸ್ಪತ್ರೆಯಲ್ಲಿ ಸಂಭ್ರಮ. ನಿನ್ನ ನಿರ್ದೇಶಕರೂ ಬಂದಿದ್ದರು, ಅವನ ಕಾಲ ಬುಡದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು, ಅದು ಸುಳ್ಳಲ್ಲ. ನನ್ನ ಕಣ್ಣಲ್ಲೂ ಇತ್ತು. ಅವನು ಹೆಬ್ಬೆರಳಿಗೆ "ರೈಟ್, ರೈಟ್" ಎಂದು ಕಂಡಕ್ಟರನ ಹಾಗೆ ಕೂಗುತ್ತಿದ್ದ.

ಕೈಯನ್ನು ಯಾರೂ ಮುಟ್ಟಲಿಲ್ಲ. "ಹೇಗಿದೆ?" ಎಂದು ಕೇಳಿದರು, "ಫಸ್ಟ್ ಕ್ಲಾಸ್" ಎಂದ, ಬರೆದುಕೊಂಡರು.

ನಾನು ಮುಟ್ಟುತ್ತೇನೆ. ನಿನ್ನ ಜೂನ್ ಕಾಗದ ಬಂದಾಗಿನಿಂದ ಬೆಳಗ್ಗೆ ಎದ್ದ ಕೂಡಲೇ ಕುರ್ಚಿಯನ್ನು ಅವನ ಮಂಚಕ್ಕೆ ತಾಗಿಸಿ ನಿಲ್ಲಿಸುತ್ತೇನೆ. ಅವನು ಕಣ್ಣು ಮುಚ್ಚಿ ಅಂಗೈ ಚಾಚುತ್ತಾನೆ. ಹತ್ತಿಯಿಂದ ಸವರುತ್ತೇನೆ.

"ಏನು?"

"ಹತ್ತಿ. ನಿನ್ನ ತಲೆಯೊಳಗೂ ಅದೇ ಇರೋದು."

ದಿನವೂ ಇದೇ ಉತ್ತರ, ದಿನವೂ ಇದೇ ನಗು. ಇವತ್ತು ಸವರಿದಾಗ ಉತ್ತರ ತಡವಾಯಿತು. "ಹತ್ತೀನೇ" ಎಂದ. ಆದರೆ ಬೆರಳುಗಳು ಮಡಚಿಕೊಂಡಿದ್ದವು, ಮುಖ ಗೋಡೆಯಾಗಿತ್ತು. ಆ ಗೋಡೆ ಕಟ್ಟುವುದು ಹೇಗೆಂದು ಈ ವಾರ್ಡಿಗೆಲ್ಲ ಕಲಿಸಿಕೊಟ್ಟವನು ನಾನೇ.

"ಇನ್ನೊಂದು ಸಲ" ಎಂದೆ.

"ಬೇಡ."

"ಬಸ್ಸಣ್ಣ, ಇನ್ನೊಂದು ಸಲ."

"ಹೆಬ್ಬೆರಳು ಅಲ್ಲಾಡ್ತಿದೆ ಕಣೋ" ಎಂದ. ಬೈದು ಹೇಳಿದ್ದರೆ ಚೆನ್ನಾಗಿತ್ತು. ಬೇಡಿಕೊಂಡ. "ಯಾರಿಗೂ ಹೇಳಬೇಡ. ಇನ್ನು ಸ್ವಲ್ಪ ದಿನ."

ಡಾಕ್ಟರಮ್ಮನ ಕೋಣೆಗೆ ಕುರ್ಚಿ ತಳ್ಳಿಕೊಂಡು ಹೋದೆ. ಹೇಳಿದೆ. ಅವಳು ನನ್ನನ್ನು ನಂಬಲೋ ಬೇಡವೋ ಎಂದು ನೋಡಿದಳು. ಆಮೇಲೆ ಎದ್ದು ಹತ್ತಿ ತೆಗೆದುಕೊಂಡು ವಾರ್ಡಿಗೆ ನಡೆದಳು. ಬಾಗಿಲಿನ ಹೊರಗೆ ನನಗೆ ಬಸ್ಸಣ್ಣನ ಕೂಗು ಕೇಳಿಸಿತು. ನೋವಿಗೆ ಕೂಗಿದನೋ ನನ್ನ ಹೆಸರು ಹಿಡಿದು ಬೈದನೋ ಗೊತ್ತಾಗಲಿಲ್ಲ. ಈಗ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾನೆ. ಎರಡು ಕೈಗಳನ್ನೂ ಹೊದಿಕೆಯ ಮೇಲೆ, ಏನೂ ತಾಗದ ಹಾಗೆ, ಎತ್ತಿ ಹಿಡಿದಿದ್ದಾನೆ.

ನಿನ್ನ ಕಾರ್ಡನ್ನು ಹೇಗೂ ಕಿತ್ತುಕೊಂಡಿದ್ದಾರೆ. ಅಲ್ಪವಿರಾಮಗಳು ಒಂದು ವಾರ ತಮ್ಮ ಪಾಡಿಗೆ ತಾವಿರಲಿ. ಬಾ ಅಕ್ಕ. ನನ್ನನ್ನು ನೋಡುವುದಕ್ಕಲ್ಲ. ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ, ಆ ಕೈಗಳ ಬಗ್ಗೆ ಅವನ ಹತ್ತಿರ ಮಾತಾಡಬಲ್ಲವರು ಇಲ್ಲಿ ಬೇರೆ ಯಾರೂ ಇಲ್ಲ.

ತಮ್ಮ